ಕೂಸು ನೋಡಾಕ ಬಂದವರು

ನಮ್ಮ ಕಡೆ ಬಾಣಂತನ ಅಂದರೆ ಸಣ್ಣ ಕೆಲಸವಲ್ಲ. ಕುಬಸ ಮುಗಿಯುವುದೇ ತಡ, ತವರುಮನೆಯಲ್ಲಿ ಯಾದಿ ಶುರುವಾಗುತ್ತದೆ. ಅಂಟು, ಅಳವಿ, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಬೆಲ್ಲ, ಅಜವಾನ, ಬಡೇಸೋಪು. ಹಳೆಯ ಸೀರೆ ಹರಿದು ಒಗೆದು ಮಡಿಚಿಟ್ಟ ಅರಿವೆ, ತಲೆಗೆ ಕಟ್ಟಲು ಒಂದು, ಹೊಟ್ಟೆಗೆ ಬಿಗಿಯಲು ಒಂದು. ಕಿವಿಗೆ ಅರಳೆ. ಕುಳ್ಳಿನ ಕೆಂಡದ ಮೇಲೆ ಲೋಬಾನ. ಸಬ್ಬಸಗಿ ಪಲ್ಯ, ಬಿಸಿ ರೊಟ್ಟಿ, ಮೇಲೆ ತುಪ್ಪ. ಐದನೇ ದಿನಕ್ಕೆ ಸೆಟಗೆವ್ವನ ಪೂಜೆ. ಬಾಣಂತಿಯ ಮೈಯ ಒಂದು ಕೀಲೂ ಯಾರ ಗಮನದಿಂದ ತಪ್ಪುವುದಿಲ್ಲ.

ಇದನ್ನು ಹಂಗಿಸುವವಳು ನಾನಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೇ ಕೂಸು ಸಂಭಾಳಿಸುವುದನ್ನು ನೋಡಿದ ಮೇಲಂತೂ ಅವ್ವನ ಯಾದಿಯ ಬೆಲೆ ಚೆನ್ನಾಗಿ ಗೊತ್ತಾಗಿದೆ. ಆದರೆ ಇಷ್ಟೆಲ್ಲ ಕೈಗಳ ನಡುವೆ ಕೂತ ಹೆಣ್ಣುಮಗಳು ಒಳಗೊಳಗೇ ಖಿನ್ನತೆಗೆ ಜಾರಿ ಕುಸಿಯುತ್ತಿದ್ದರೆ ಅದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನೋಡಲು ಬಂದವರೆಲ್ಲ ತೊಟ್ಟಿಲ ಕಡೆಗೇ ಬಾಗುತ್ತಾರೆ. ಮೂಗು ಯಾರ ಹಂಗ, ಬಣ್ಣ ಯಾರ ಹಂಗ ಎಂಬ ಮಾತು ಮುಗಿದ ಮೇಲೆ ನಮ್ಮ ಕಡೆ ತಿರುಗಿ ಕೇಳುವುದು ಒಂದೇ: "ಹಾಲು ಸಾಕಷ್ಟು ಬರ್ತಾವಿಲ್ಲೋ?"

2019ರ ಬೇಸಿಗೆಯಲ್ಲಿ ನನ್ನ ಚೊಚ್ಚಲ ಹೆರಿಗೆ ಗದಗಿನಲ್ಲಿ ಆಯಿತು. ಹೆಣ್ಣುಕೂಸು. ಮೊದಲ ವಾರ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅದೇನು ದೊಡ್ಡ ವಿಷಯವಲ್ಲ. ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂರನೇ ನಾಲ್ಕನೇ ದಿನದ ಹೊತ್ತಿಗೆ ಹೀಗಾಗುತ್ತದೆ. ಬಸುರಿನಲ್ಲಿ ಏರಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಮಾಸು ಬಿದ್ದ ಕೂಡಲೇ ಸರ್ರನೆ ಇಳಿಯುತ್ತವೆ. ಅದರ ಮೇಲೆ ನಿದ್ದೆಗೇಡು, ನೋವು. ಎರಡು ವಾರದೊಳಗೆ ಅದು ತಾನಾಗಿಯೇ ಹೋಗಬೇಕು. ನನಗೆ ಹೋಗಲಿಲ್ಲ. ಅಳು ನಿಂತಿತು ನಿಜ, ಆದರೆ ಅಳುವಿನ ಜಾಗಕ್ಕೆ ಏನೂ ಬರಲಿಲ್ಲ. ಕೂಸು ಅತ್ತರೆ ಎತ್ತಿಕೊಳ್ಳುತ್ತಿದ್ದೆ, ಹಾಲು ಕುಡಿಸುತ್ತಿದ್ದೆ, ಅರಿವೆ ಬದಲಿಸುತ್ತಿದ್ದೆ. ಎಲ್ಲ ಬರೋಬ್ಬರಿ. ಪಕ್ಕದ ಮನೆಯವರ ಕೂಸನ್ನು ಒಂದು ತಾಸು ನೋಡಿಕೊಳ್ಳಲು ಒಪ್ಪಿಕೊಂಡವಳ ಹಾಗೆ. ಅವರು ಯಾವಾಗ ಬಂದು ಒಯ್ಯುತ್ತಾರೋ ಎಂದು ಕಾಯುತ್ತಿದ್ದೆ ಅಂತ ಬರೆದರೆ ಓದುವವರಿಗೆ ಕಸಿವಿಸಿಯಾದೀತು. ಆದರೂ ಅದೇ ಖರೆ.

ನಿದ್ದೆಯ ವಿಷಯ ಹೇಳಲೇಬೇಕು. ಬಾಣಂತಿಗೆ ನಿದ್ದೆ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಅದನ್ನು ಕೇಳುವುದಿಲ್ಲ. ಕೂಸು ಮಲಗಿದಾಗ, ಮನೆಯೆಲ್ಲ ಮಲಗಿದಾಗಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ಫ್ಯಾನಿನ ರೆಕ್ಕೆ ನೋಡುತ್ತ ಬೆಳಗು ಮಾಡುತ್ತಿದ್ದೆ. ಕೂಸು ಎಬ್ಬಿಸುವುದರಿಂದ ಕೆಡುವ ನಿದ್ದೆ ಬೇರೆ, ಕೂಸು ಮಲಗಿದರೂ ಬಾರದ ನಿದ್ದೆ ಬೇರೆ. ಎರಡನೆಯದು ಕಂಡರೆ ಕಿವಿ ನೆಟ್ಟಗಾಗಬೇಕು.

ಇನ್ನು ಹಂಡೆಯ ಸಂಗತಿ. ಅವ್ವನ ಮನೆಯ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ, ಕೆಳಗೆ ಉರಿ. ಕೂಸಿಗೆ ಎರೆಯಲು ಓಣಿಯ ಒಬ್ಬ ಮುದುಕಿ ಬರುತ್ತಿದ್ದಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕುವವಳು. ಒಂದು ಬೆಳಗ್ಗೆ ಕೂಸನ್ನು ಎತ್ತಿಕೊಂಡು ಬಚ್ಚಲ ಹೊಸ್ತಿಲು ದಾಟುವಾಗ ಕೂಸು ನನ್ನ ಕೈಯಿಂದ ಹಂಡೆಗೆ ಜಾರಿದ ಹಾಗೆ ಕಣ್ಣಿಗೆ ಕಟ್ಟಿತು. ಎದೆ ಧಸಕ್ಕೆಂದಿತು. ಮರುದಿನ ಮತ್ತೆ ಬಂತು. ಆಮೇಲೆ ದಿನವೂ. ಕೆಲವೊಮ್ಮೆ ಕೈ ತಾನಾಗಿ ಜಾರುತ್ತಿತ್ತು, ಕೆಲವೊಮ್ಮೆ ನಾನೇ ಬಿಟ್ಟ ಹಾಗೆ ಕಾಣುತ್ತಿತ್ತು. ನಾನು ಬಚ್ಚಲ ಕಡೆ ಹೋಗುವುದನ್ನೇ ಬಿಟ್ಟೆ. ಕೂಸನ್ನು ಅಡುಗೆಮನೆ ಬಾಗಿಲಲ್ಲೇ ಅವ್ವನ ಕೈಗೆ ಕೊಟ್ಟು ಒಳಗೆ ಬಂದು ಕೂರುತ್ತಿದ್ದೆ. "ಸಾಲಿ ಕಲತಾಕಿ, ಕೂಸಿನ ಜಳಕಕ್ಕ ಹೇಸ್ತಾಳ ನೋಡ," ಎಂದು ಎರೆಯುವ ಮುದುಕಿ ನಗುತ್ತಿದ್ದಳು. ಏನಂತ ಹೇಳಲಿ? ಇಂಥದ್ದನ್ನು ಹೆತ್ತ ತಾಯಿಗೂ ಹೇಳಲಾಗುವುದಿಲ್ಲ.

ತಿಂಗಳುಗಳ ಮೇಲೆ ಡಾಕ್ಟರರ ಮುಂದೆ ಕೂತಾಗ ಅವರೇ ಸೀದಾ ಕೇಳಿಬಿಟ್ಟರು: "ಕೂಸಿಗೆ ಏನಾರ ಆದೀತು, ನಾನ ಏನಾರ ಮಾಡಿಬಿಟ್ಟೇನು ಅನ್ನೋ ಚಿತ್ರ ಕಣ್ಮುಂದ ಬರ್ತಾವೇನ್ರಿ?" ಬಸ್ ಬರುವುದು ಯಾವಾಗ ಎಂದು ಕೇಳುವಷ್ಟು ಸಾದಾ ದನಿಯಲ್ಲಿ. ಎಳೆಗೂಸಿನ ತಾಯಂದಿರಲ್ಲಿ ಬಹಳ ಮಂದಿಗೆ ಇಂಥ ಬೇಡದ ಯೋಚನೆಗಳು ಬಂದು ಹೋಗುತ್ತವಂತೆ. ಮನಸ್ಸು ಬಳಲಿದಾಗ ಅವು ಅಲ್ಲೇ ಬೀಡುಬಿಡುತ್ತವೆ. ಆ ಯೋಚನೆಗೆ ತಾಯಿ ಬೆಚ್ಚಿ ಬೀಳುತ್ತಾಳೆ, ಅದರಿಂದ ಓಡುತ್ತಾಳೆ ಎಂದರೆ ಅದನ್ನು ಮಾಡುವ ಇಚ್ಛೆ ಅವಳಿಗಿಲ್ಲ ಎಂದೇ. ಇದನ್ನು ಕೇಳಿದ ದಿನ ನಾನು ಅತ್ತಷ್ಟು ಹೆರಿಗೆ ನೋವಿನಲ್ಲೂ ಅತ್ತಿರಲಿಲ್ಲ.

ಇದಕ್ಕಿಂತ ಪೂರ್ತಿ ಬೇರೆಯಾದದ್ದು ಇನ್ನೊಂದಿದೆ, ಹಳಬರು ಬಾಣಂತಿ ಸನ್ನಿ ಅನ್ನುತ್ತಿದ್ದದ್ದು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೇ. ರಾತ್ರಿಯಿಡೀ ನಿದ್ದೆ ಇಲ್ಲದಿದ್ದರೂ ದಣಿವೇ ಇಲ್ಲ, ಮಾತಿಗೆ ತಾಳ ಇಲ್ಲ, ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತದೆ, ಇದು ನನ್ನ ಕೂಸಲ್ಲ, ಬದಲಿಸಿದ್ದಾರೆ ಎನ್ನುತ್ತಾಳೆ, ಮತ್ತು ಅದನ್ನು ಗಟ್ಟಿಯಾಗಿ ನಂಬುತ್ತಾಳೆ. ಇಲ್ಲಿ ನಾಳೆ ನೋಡೋಣ ಎಂಬ ಮಾತೇ ಇಲ್ಲ. ತಾಯಿ ಕೂಸು ಇಬ್ಬರನ್ನೇ ಬಿಡದೆ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಗಾಳಿ ಸೋಕಿದೆ ಎಂದು ದಾರ ಕಟ್ಟಿಸುವವರಿದ್ದರೆ ಕಟ್ಟಿಸಲಿ, ನನ್ನ ತಕರಾರಿಲ್ಲ. ಆಟೋ ನಿಲ್ಲಿಸಿಕೊಂಡು ಕಟ್ಟಿಸಲಿ.

"ನಮ್ಮ ಕಾಲದಾಗ ಇವೆಲ್ಲ ಇರಲಿಲ್ಲ ಬಿಡವ್ವ" ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ. ಅದೇ ಅಜ್ಜಿ ಒಂದು ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳುತ್ತ ತನ್ನ ಓರಗೆಯವಳೊಬ್ಬಳ ಸುದ್ದಿ ತೆಗೆದಳು. ಹಡೆದ ಮೇಲೆ ಮಾತು ಬಿಟ್ಟಳಂತೆ, ಕೂಸಿಗೆ ಎದೆ ಕೊಡಲಿಲ್ಲವಂತೆ. ಬಂಡಿ ಕಟ್ಟಿ ತವರಿಗೆ ಬಿಟ್ಟು ಬಂದರು. ಒಂದು ವರ್ಷಕ್ಕೆ ಗಂಡನಿಗೆ ಇನ್ನೊಂದು ಮದುವೆ. ಆಕೆ ತವರಿನ ಹಿತ್ತಲ ಕೋಣೆಯಲ್ಲೇ ಮುದುಕಿಯಾದಳು. "ಆಕಿಗೇನಾಗಿತ್ತಬೇ ಅಜ್ಜಿ?" ಅಂದೆ. "ಏನಿಲ್ಲ, ಹಣೆಬರಹ," ಅಂದಳು.

ಈ ಹಣೆಬರಹ ಎಷ್ಟು ಮನೆಗಳಲ್ಲಿದೆ? ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹೇಳುವಂತೆ ಬಾಣಂತಿಯರಲ್ಲಿ ಸುಮಾರು ಶೇ. 22ರಷ್ಟು ಮಂದಿಗೆ ಖಿನ್ನತೆ. ಐದರಲ್ಲಿ ಒಬ್ಬರಿಗಿಂತ ಹೆಚ್ಚು. ನಮಗೆ ರೈಲಿನ ದಾರಿಯಲ್ಲಿರುವ ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆರಿಗೆಯಾದ ಆರರಿಂದ ಎಂಟು ವಾರಕ್ಕೆ ಶೇ. 23. ಬಡತನ, ಗಂಡನ ಹೊಡೆತ, ಗಂಡು ಬಯಸಿದ ಮನೆಯಲ್ಲಿ ಹುಟ್ಟಿದ ಹೆಣ್ಣು, ಇವು ಅಲ್ಲಿ ಎದ್ದು ಕಂಡ ಕಾರಣಗಳು. ಹಾರ್ಮೋನು ಎಲ್ಲರಿಗೂ ಇಳಿಯುತ್ತದೆ. ಕುಸಿಯುವವರು ಯಾರು ಎಂಬುದರಲ್ಲಿ ಮನೆಯ ಕೈವಾಡವೂ ಇದೆ. ನಮ್ಮ ಮನೆಯಲ್ಲಿ ಹೊಡೆತವಿಲ್ಲ, ಬಡತನವೂ ಅಷ್ಟಿರಲಿಲ್ಲ. "ಮುಂದಿಂದು ಗಂಡಾಗ್ತದ ತಗೋ" ಎಂಬ ಸಮಾಧಾನ ಮಾತ್ರ ತೊಟ್ಟಿಲ ದಿನ ನಾಲ್ಕಾರು ಬಾಯಲ್ಲಿ ಬಂತು. ಯಾರೂ ಏನೂ ಕೇಳದೆ ಹೇಳುವ ಸಮಾಧಾನ!

ಐದನೇ ತಿಂಗಳಿಗೆ ಹುಬ್ಬಳ್ಳಿಗೆ ಬಂದೆ. ನಮ್ಮ ಪದ್ಧತಿಯ ಒಂದು ತೊಡಕು ನನಗೆ ಕಂಡದ್ದು ಇಲ್ಲಿ. ತವರಿನಲ್ಲಿ ಹತ್ತು ಕೈ, ಗಂಡನ ಮನೆಗೆ ಬಂದ ಮರುದಿನ ಎರಡೇ ಕೈ. ಇಷ್ಟು ದಿನ ಹೊರಸಿನ ಮೇಲೆ ಕೂತವಳು ಈಗ ಪೂರ್ತಿ ಸೊಸೆ. ನಳದ ನೀರು ವಾರಕ್ಕೊಮ್ಮೆ ಬರುವ ಓಣಿಯಲ್ಲಿ ನೀರು ಬಿಟ್ಟರೆಂದರೆ ನಡುರಾತ್ರಿಯಾದರೂ ಎದ್ದು ಬ್ಯಾರೆಲ್ಲು, ಕೊಡ, ಸಿಂಟೆಕ್ಸ್ ತುಂಬಿಸಬೇಕು. ಆಗಷ್ಟೇ ಮಲಗಿದ ಕೂಸು ಮೋಟರಿನ ಸದ್ದಿಗೆ ಏಳುತ್ತದೆ. ನಾನು ಗಣಿತ ಕಲಿಸುತ್ತಿದ್ದ ಖಾಸಗಿ ಶಾಲೆಯಿಂದ ಯಾವಾಗ ಬರ್ತೀರಿ ಎಂದು ಫೋನು ಬೇರೆ. ಹೆರಿಗೆ ರಜೆಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲ ಎರಡು ಹೆರಿಗೆಗೆ 26 ವಾರದ ಸಂಬಳದ ರಜೆ ಇದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಜಗಳ ಆಡುವ ಶಕ್ತಿ ಆಗ ನನ್ನಲ್ಲಿರಲಿಲ್ಲ, ಕೆಲಸ ಬಿಟ್ಟೆ.

ಗುರುತು ಹಿಡಿದವಳು ನೆಗೆಣ್ಣಿ. ಆಕೆ ನರ್ಸಿಂಗ್ ಓದಿದವಳು. ಒಂದು ಸಂಜೆ ಮೊಬೈಲಿನಲ್ಲಿ, ಬಾಣಂತಿಯರ ಖಿನ್ನತೆ ಗುರುತಿಸಲು ಬಳಸುವ ಎಡಿನ್‌ಬರೊ ಪ್ರಶ್ನಾವಳಿ ತೆರೆದು ಪಕ್ಕದಲ್ಲಿ ಕೂತಳು. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಿದ್ಧವಾದದ್ದು, ಈಗ ಕನ್ನಡದಲ್ಲೂ ಇದೆ. ಹತ್ತೇ ಪ್ರಶ್ನೆ, ಕಳೆದ ಏಳು ದಿನದ ಬಗ್ಗೆ ಮಾತ್ರ. ನಗು ಬರುವಲ್ಲಿ ನಗಲು ಆಗುತ್ತಿದೆಯೇ, ಕಾರಣವಿಲ್ಲದೆ ನಿನ್ನನ್ನೇ ಬೈದುಕೊಳ್ಳುತ್ತೀಯಾ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಟ್ಟು 30ರಲ್ಲಿ 13 ಮುಟ್ಟಿದರೆ ಡಾಕ್ಟರರನ್ನು ಕಾಣಲೇಬೇಕು, ಹತ್ತು ಮುಟ್ಟಿದರೂ ಗಮನ ಬೇಕು. ರೋಗ ಇದೇ ಎಂದು ಅದು ತೀರ್ಪು ಕೊಡುವುದಿಲ್ಲ, ಒಳಗೆ ಏನೋ ಇದೆ ಎಂದು ತೋರಿಸುತ್ತದೆ ಅಷ್ಟೆ. ಹತ್ತನೆಯದು ನಿನಗೆ ನೀನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಒಟ್ಟು ಎಷ್ಟೇ ಕಡಿಮೆಯಿರಲಿ, ಅದೊಂದಕ್ಕೆ ಹೌದು ಎಂಬ ಉತ್ತರ ಬಂದರೆ ಬೇರೆ ಲೆಕ್ಕ ಬೇಡ, ಅಂದೇ ಆಸ್ಪತ್ರೆ. ನನಗೆ ಆ ಪ್ರಶ್ನೆ ಓದುವಾಗ ನೆಗೆಣ್ಣಿ ದನಿ ತಗ್ಗಿಸಲಿಲ್ಲ, ಮುಖ ತಿರುಗಿಸಲೂ ಇಲ್ಲ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಕೇಳಿದವಳಿಗೆ ಮಾತ್ರ ಉತ್ತರ ಸಿಗುತ್ತದೆ.

ಮರುವಾರ ಧಾರವಾಡಕ್ಕೆ ಹೊರಟೆವು. ಹುಬ್ಬಳ್ಳಿ ಕಡೆಯವರಿಗೆ ಈ ವಾಕ್ಯದ ಭಾರ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಯಾರಾದರೂ ಹುಚ್ಚುಚ್ಚಾಗಿ ಆಡಿದರೆ "ಧಾರವಾಡಕ್ಕ ಒಯ್ಯಬೇಕಿವನ್ನ" ಎಂದು ನಗುತ್ತೇವೆ. ಬೆಳಗಾವಿ ರಸ್ತೆಯ ಆ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದ್ದು, ಈಗಿನ ಹೆಸರು ಡಿಮ್ಹಾನ್ಸ್. ಅತ್ತಿ ಬಾಗಿಲವರೆಗೂ ಬಂದು ಇವರಿಗೆ ಮೆಲ್ಲಗೆ ಹೇಳಿದರು: "ಯಾರರ ಕೇಳಿದ್ರ ಪೇಡೆ ತರಾಕ ಹೋಗಿದ್ವಿ ಅನ್ರಿ." ಚಿಗರಿ ಬಸ್ಸಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಇವರು ನನ್ನ ಮುಖ ನೋಡಿ ನಕ್ಕರು, ನಾನೂ ನಕ್ಕೆ. ಎಷ್ಟೋ ದಿನದ ಮೇಲೆ. ವಾಪಸು ಬರುವಾಗ ಲೈನ್ ಬಜಾರಿಗೆ ಹೋಗಿ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡೇ ಬಂದೆವು. ಅತ್ತಿಯ ಮಾತು ಸುಳ್ಳಾಗಬಾರದಲ್ಲ.

ನನ್ನೊಳಗಿದ್ದ ದೊಡ್ಡ ಹೆದರಿಕೆ ಎಂದರೆ ಅಡ್ಮಿಟ್ ಮಾಡಿಕೊಂಡು ಕೂಸನ್ನು ಕಸಿದುಕೊಳ್ಳುತ್ತಾರೆ ಎಂಬುದು. ಹಾಗೇನೂ ಆಗಲಿಲ್ಲ. ಕಾನೂನೂ ಇದಕ್ಕೆ ಅಡ್ಡ ನಿಂತಿದೆ ಎಂದು ಆಮೇಲೆ ತಿಳಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ದಾಖಲಾಗಿ ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಕೂಸನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಕೂಸಿಗೆ ಅಪಾಯವಿದೆ ಎಂದು ಡಾಕ್ಟರರು ನಿರ್ಧರಿಸಿದಾಗ ಮಾತ್ರ, ಅದೂ ತಾತ್ಪೂರ್ತಿಕ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಕೂಸು ಒಟ್ಟಿಗೇ ಇರುವ ವಾರ್ಡು 2009ರಿಂದ ಇದೆ.

ನನಗೆ ಅಡ್ಮಿಟ್ ಆಗುವ ಪ್ರಸಂಗ ಬರಲಿಲ್ಲ. ಮೊದಲು ರಕ್ತ ತಪಾಸಣೆ. ರಕ್ತ ಕಡಿಮೆಯಿದ್ದರೂ, ಹೆರಿಗೆ ನಂತರ ಥೈರಾಯ್ಡ್ ಏರುಪೇರಾದರೂ ಇದೇ ತೆರನಾದ ದಣಿವು, ಬೇಸರ ಬರುತ್ತದೆ, ಅದನ್ನು ನೋಡದೆ ಮುಂದುವರಿಯಬಾರದು. ಆಮೇಲೆ ಗುಳಿಗೆ, ಜೊತೆಗೆ ಸಮಾಲೋಚನೆ. ನನಗೆ ಕೊಟ್ಟದ್ದು ಸರ್ಟ್ರಾಲಿನ್. ಅದು ಎದೆಹಾಲಿಗೆ ಇಳಿಯುವ ಪ್ರಮಾಣ ತೀರಾ ಕಡಿಮೆ, ಹಾಲುಣಿಸುವವರಿಗೆ ಡಾಕ್ಟರರು ಮೊದಲು ಆರಿಸುವ ಔಷಧಗಳಲ್ಲಿ ಒಂದು. ಎಲ್ಲ ಔಷಧಕ್ಕೂ ಈ ಮಾತು ಸಲ್ಲುವುದಿಲ್ಲ, ಆದ್ದರಿಂದ ಮೆಡಿಕಲ್ ಶಾಪಿನವನನ್ನು ಕೇಳಿ ನುಂಗಬೇಡಿ. ಹಾಲು ಬಿಡಿಸಿ ಗುಳಿಗೆ ಕೊಡಬೇಕು ಎಂದು ಅವ್ವ, ಗುಳಿಗೆ ಬಿಟ್ಟು ಹಾಲು ಕೊಡಬೇಕು ಎಂದು ಅತ್ತಿ. ಫೋನಿನಲ್ಲಿ ಇಬ್ಬರು ಬೀಗತಿಯರಿಗೂ ಪಂಚಾಯಿತಿ ಆಯಿತು. ಎರಡೂ ಒಟ್ಟಿಗೇ ನಡೆದವು. ಗುಳಿಗೆ ನುಂಗಿದ ಮರುದಿನ ಏನೂ ಆಗುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಆರಾಮಾದ ಮೇಲೂ ಆರು ತಿಂಗಳಿಗಿಂತ ಕಡಿಮೆಯಿಲ್ಲದೆ ಮುಂದುವರಿಸಿ, ಡಾಕ್ಟರರ ಮಾತಿನಂತೆ ಇಳಿಸುತ್ತ ಬರಬೇಕು. ಬಹಳ ಮಂದಿ ಎಡವುವುದು ಇಲ್ಲೇ, ಆರಾಮಾತು ಎಂದು ನಡುವೆಯೇ ನಿಲ್ಲಿಸಿಬಿಡುತ್ತಾರೆ.

ಗುಳಿಗೆಯಷ್ಟೇ ಕೆಲಸ ಮಾಡಿದ್ದು ನಿದ್ದೆಯ ಹೊಂದಾಣಿಕೆ. ರಾತ್ರಿ ಹತ್ತರಿಂದ ಮೂರರವರೆಗೆ ಕೂಸು ಇವರದ್ದು. ಹಿಂಡಿಟ್ಟ ಹಾಲು ಫ್ರಿಜ್‌ನಲ್ಲಿ, ಕುದಿಸಿದ ಬಟ್ಟಲು ಚಮಚ ಪಕ್ಕದಲ್ಲಿ. ನಾನು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು. ಮೊದಲ ರಾತ್ರಿ ಕೂಸಿನ ಕೂಗು ಕೇಳಿ ಅತ್ತಿ ಎದ್ದು ಬಂದು, ಮಗ ಚಮಚದಲ್ಲಿ ಹಾಲು ಕುಡಿಸುತ್ತಿರುವುದನ್ನು ನೋಡಿ, ಏನೂ ಅನ್ನದೆ ಹೋಗಿ ಮಲಗಿದರಂತೆ. ಮರುದಿನ ಓಣಿಯ ಕಟ್ಟೆಯ ಮೇಲೆ ಏನಂದರೋ ಗೊತ್ತಿಲ್ಲ. ಸಿಕ್ಕಿದ್ದು ಒಂದೇ ಸಮನೆ ಐದು ತಾಸಿನ ನಿದ್ದೆ. ಹೆಂಡತಿಗೆ ಸಹಾಯ ಮಾಡಿದೆ ಎಂದು ಸ್ಟೇಟಸ್ ಹಾಕುವ ಗಂಡಂದಿರು ಇದೊಂದನ್ನು ಮಾಡಲಿ ಸಾಕು. ಹೂಗುಚ್ಛ, ಕೇಕು ಯಾವುದೂ ಬೇಡ. ಹಾಂ, ಗಂಡಸರ ಮೇಲೂ ಒಂದು ಕಣ್ಣಿಡಿ. ಹೊಸದಾಗಿ ಅಪ್ಪನಾದವರಲ್ಲೂ ಕೆಲವರು ಈ ಕತ್ತಲೆಗೆ ಜಾರುತ್ತಾರೆ, ಅವರು ಬಾಯಿ ಬಿಡುವುದು ಇನ್ನೂ ಕಡಿಮೆ.

ಇಷ್ಟಕ್ಕೆ ದೊಡ್ಡ ಡಾಕ್ಟರರೇ ಬೇಕೆಂದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿಯ ಹೆಣ್ಣುಮಕ್ಕಳಿಗೆ ತುಸು ತರಬೇತಿ ಕೊಟ್ಟು, ಬಸುರಿದ್ದಾಗಲೇ ಖಿನ್ನತೆಯಿದ್ದ ಹೆಂಗಸರ ಮನೆಗೆ ಹೋಗಿ ಮಾತಾಡಿಸುವಂತೆ ಮಾಡಿದರು. ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ ಅವರಲ್ಲಿ ಖಿನ್ನತೆ ಉಳಿದದ್ದು ಶೇ. 23ರಷ್ಟು ಮಂದಿಗೆ. ಬರೀ ಮಾಮೂಲಿ ಭೇಟಿ ಸಿಕ್ಕವರಲ್ಲಿ ಶೇ. 53. ಗುಳಿಗೆಯಿಲ್ಲದೆ, ಮಾತಿನಿಂದ. ನಮ್ಮಲ್ಲೂ ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಮೂರನೇ ದಿನದಿಂದ ನಲವತ್ತೆರಡನೇ ದಿನದೊಳಗೆ ಆರು ಸಲ ಬರಬೇಕು. ಕೂಸಿನ ತೂಕ, ಜ್ವರ, ಹೊಕ್ಕಳು ನೋಡುತ್ತಾರೆ. ಆ ಹೊತ್ತಿಗೆ ಅತ್ತಿಯನ್ನೋ ಅವ್ವನನ್ನೋ ಚಹಾ ಮಾಡಲು ಒಳಗೆ ಕಳಿಸಿ, ಬಾಣಂತಿಯ ಹತ್ತಿರ ಐದು ನಿಮಿಷ ಕೂತರೂ ಬೇಕಾದಷ್ಟು ಹೊರಬರುತ್ತದೆ.

ಈಗ ಸೌಲಭ್ಯ ನನ್ನ ಕಾಲಕ್ಕಿಂತ ಹೆಚ್ಚಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಯಾವಾಗಲೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಗದಗಿನ ಜೊತೆಗೆ ಹಾವೇರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಎಲ್ಲದಕ್ಕೂ ಧಾರವಾಡದ ದಾರಿ ಹಿಡಿಯಬೇಕಿಲ್ಲ. ಆದರೂ ಮೊದಲ ಫೋನು ಮಾಡುವವರು ಬಾಣಂತಿಯಲ್ಲ, ಪಕ್ಕದಲ್ಲಿರುವವರು. ಆಕೆಗೆ ನಂಬರ್ ಕೊಟ್ಟು "ಬೇಕಾದ್ರ ಮಾಡು" ಎಂದು ಹೋದರೆ ಆಕೆ ಮಾಡುವುದಿಲ್ಲ. ಫೋನು ಹಚ್ಚಿ ಕೈಗೆ ಕೊಡಿ.

ನಾನೀಗ ಕೂಸು ನೋಡಲು ಹೋದರೆ "ಹೆಂಗದಿ?" ಎಂದು ಕೇಳುವುದಿಲ್ಲ. ಅದಕ್ಕೆ ಎಲ್ಲರೂ "ಆರಾಮದೀನಿ" ಎಂದೇ ಹೇಳುವುದು. "ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದ್ದಿ?" ಎನ್ನುತ್ತೇನೆ. "ಕೂಸು ನನ್ನ ಕಡೆ ಕೊಡು, ಸಾವಕಾಶ ಜಳಕಾ ಮಾಡಿ ಬಾ" ಎನ್ನುತ್ತೇನೆ. ಹಾಲಿನ ಮಾತು ತೆಗೆಯುವುದಿಲ್ಲ. ತಾಯ್ತನ ದೇವರು ಕೊಟ್ಟ ವರ ಎಂಬ ಭಾಷಣವಂತೂ ಮೊದಲೇ ಇಲ್ಲ. ವರವೇ ಇರಬಹುದು, ಆದರೆ ನಡುರಾತ್ರಿ ಮೂರಕ್ಕೆ ಆ ಮಾತು ಯಾರ ಉಪಯೋಗಕ್ಕೂ ಬರುವುದಿಲ್ಲ.

ಒಮ್ಮೆ ಈ ಕಾಯಿಲೆ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಬರುವ ಸಂಭವ ಹೆಚ್ಚು. ಅದಕ್ಕೇ 2023ರಲ್ಲಿ ಎರಡನೇ ಸಲ ಬಸುರಿಯಾದಾಗ ಮೊದಲ ತಪಾಸಣೆಯಲ್ಲೇ ಹೇಳಬೇಕು ಎಂದು ನಾನು, ಇವರು ಮಾತಾಡಿಕೊಂಡಿದ್ದೆವು. ಅಂದು ಇವರಿಗೆ ರಜೆ ಸಿಗದೆ ಅತ್ತಿ ಜೊತೆಗೆ ಬಂದರು. ಸಿಸ್ಟರ್ ತಾಯಿ ಕಾರ್ಡಿನಲ್ಲಿ ಒಂದೊಂದೇ ಕೇಳಿ ಬರೆದುಕೊಂಡರು. ಬಿಪಿ, ಶುಗರ್, ಮೊದಲ ಹೆರಿಗೆ ಎಲ್ಲಿ, ನಾರ್ಮಲ್ಲೋ ಸಿಜೇರಿಯನ್ನೋ. ನಾನು ಹೇಗೆ ಶುರು ಮಾಡಲಿ ಎಂದು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅತ್ತಿ ಕುರ್ಚಿ ಮುಂದೆ ಎಳೆದರು. ಸರದಿಯಲ್ಲಿ ನಿಂತವರಿಗೆಲ್ಲ ಕೇಳುವ ದನಿಯಲ್ಲಿ ಹೇಳಿದರು: "ಸಿಸ್ಟರ್, ಈಕಿಗೆ ಚೊಚ್ಚಲ ಹಡದ ಮ್ಯಾಲ ಮನಸಿಗೆ ತ್ರಾಸ ಆಗಿತ್ರಿ. ಧಾರವಾಡಕ್ಕ ತೋರಿಸಿ ಆರಾಮ ಆದ್ಲು. ಅದನ್ನೂ ಬರಕೋರಿ."

ಸಿಸ್ಟರ್ ಕಾರ್ಡು ಹಿಂದೆ ಮುಂದೆ ತಿರುವಿ ಅದನ್ನು ಎಲ್ಲಿ ಬರೆಯುವುದೆಂದು ಹುಡುಕತೊಡಗಿದರು. ಅತ್ತಿ ಬಾಗಿ, ಮೇಲ್ಗಡೆಯ ಖಾಲಿ ಅಂಚಿಗೆ ಬೆರಳಿಟ್ಟರು. "ಇಲ್ಲೆ ಬರೀರಿ. ಕೆಂಪ ಪೆನ್ನಿಲೆ ಬರೀರಿ, ಎದ್ದ ಕಾಣಬೇಕು."